ಕೈಗೆ ಗಾಯವಾದರೂ ಅವರು ನಿಮಗೆ ಯಾಕೆ ಹೇಳಲಿಲ್ಲ?

ಪ್ರಶ್ನೆ: ಕುಮಟಾ ಹತ್ತಿರ ನಮ್ಮದೊಂದು ಗೇರುಬೀಜದ ಫ್ಯಾಕ್ಟರಿ ಇದೆ. ಅಪ್ಪನ ಆರೋಗ್ಯ ಕೆಟ್ಟ ಮೇಲೆ ಎರಡು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. 46 ಜನ ಇದ್ದಾರೆ, ಅವರಲ್ಲಿ 39 ಹೆಂಗಸರು. ಕಳೆದ ತಿಂಗಳು ಕಟಿಂಗ್ ಮಷೀನಿನಲ್ಲಿ ಒಬ್ಬ ಅಕ್ಕನ ಬೆರಳು ಕೊಯ್ದುಹೋಯಿತು. ಯಾರಿಗೂ ಹೇಳದೆ, ಬಟ್ಟೆ ಸುತ್ತಿಕೊಂಡು ಸಂಜೆವರೆಗೆ ಕೆಲಸ ಮಾಡಿದರು. ಮೂರನೇ ದಿನ ಕೈ ಬಾತು ಜ್ವರ ಬಂದಾಗಲೇ ನನಗೆ ಗೊತ್ತಾಗಿದ್ದು. ನಾನು ಗ್ಲೌಸ್ ತಂದುಕೊಟ್ಟಿದ್ದೇನೆ, ಬೋರ್ಡ್ ಹಾಕಿಸಿದ್ದೇನೆ, ಫಸ್ಟ್ ಏಡ್ ಪೆಟ್ಟಿಗೆ ಇಟ್ಟಿದ್ದೇನೆ. ಯಾರನ್ನೂ ಬೈಯುವವನಲ್ಲ. ಆದರೂ ಅವರು ಯಾಕೆ ಹೇಳಲಿಲ್ಲ? ಇನ್ನೊಂದು ವಿಷಯ. 20 ವರ್ಷದಿಂದ ಇರುವ ನಮ್ಮ ಗ್ರೇಡಿಂಗ್ ಸೂಪರ್‌ವೈಸರ್ ಎರಡು ತಿಂಗಳಿಂದ ತುಂಬಾ ಮಂಕಾಗಿದ್ದಾರೆ. ಮನೆಯ ತಾಪತ್ರಯ ಇರಬೇಕು. ನಾನು ಕೇಳಬೇಕೋ, ಸುಮ್ಮನಿರಬೇಕೋ? ಜನರನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂಬ ಆಸೆ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: "ಯಾರನ್ನೂ ಬೈಯುವವನಲ್ಲ" ಎಂದು ಬರೆದಿದ್ದೀರಿ. ಅದನ್ನು ನಂಬುತ್ತೇನೆ. ಆ ಅಕ್ಕ ನಿಮಗೆ ಹೆದರಿ ಸುಮ್ಮನಿದ್ದರು ಅಂತ ನನಗೆ ಅನಿಸುವುದಿಲ್ಲ. ಅವರು ಲೆಕ್ಕ ಹಾಕಿದರು, ಅಷ್ಟೆ.

ಕಟಿಂಗಿನವರಿಗೆ ಕೂಲಿ ಕೆಜಿ ಲೆಕ್ಕದಲ್ಲಿ ಅಲ್ವಾ? ದಿನಕ್ಕೆ 400 ರೂಪಾಯಿ ದುಡಿಯುವವರು ಎಂದಿಟ್ಟುಕೊಳ್ಳೋಣ. ಗಾಯ ತೋರಿಸಿದರೆ ಮಷೀನ್ ಬಿಟ್ಟು ಏಳಬೇಕು. ಡಾಕ್ಟರ ಹತ್ತಿರ ಹೋಗಬೇಕು, ಕಾಯಬೇಕು, ಟಿಟಿ ಇಂಜೆಕ್ಷನ್, ಬ್ಯಾಂಡೇಜು. ಅರ್ಧ ದಿನಕ್ಕೆ 200 ರೂಪಾಯಿ ಹೋಯಿತು. "ನಾಲ್ಕು ದಿನ ಕೆಲಸ ಬೇಡ" ಎಂದು ಡಾಕ್ಟರು ಹೇಳಿದರೆ ಇನ್ನೂ 1,600 ಹೋಯಿತು. ಬಟ್ಟೆ ಸುತ್ತಿಕೊಂಡು ಕೂತರೆ ಅವತ್ತಿಗೆ ಒಂದು ರೂಪಾಯಿಯೂ ಹೋಗುವುದಿಲ್ಲ. ವಾರದ ಕಂತು ಕಟ್ಟಬೇಕಾದವರು ಯಾವುದನ್ನು ಆರಿಸಿಕೊಳ್ಳುತ್ತಾರೆ ಹೇಳಿ.

ಹಾಗಾಗಿ ನಿಮ್ಮ ಫ್ಯಾಕ್ಟರಿಯಲ್ಲಿ ಸತ್ಯ ಹೇಳುವುದಕ್ಕೆ ದಂಡ ಇದೆ. ಆ ದಂಡವನ್ನು ನೀವು ಹಾಕಿದ್ದಲ್ಲ, ಕೂಲಿಯ ಪದ್ಧತಿಯೇ ಹಾಕಿದೆ. ಆದರೆ ತೆಗೆಯುವ ಅಧಿಕಾರ ಇರುವುದು ನಿಮಗೆ ಮಾತ್ರ. ಶುರು ಮಾಡಬೇಕಾದದ್ದು ಇಲ್ಲಿಂದಲೇ. ಗಾಯವಾಗಿ ಎದ್ದವರಿಗೆ, ಮಷೀನ್ ಸರಿಯಿಲ್ಲ ಎಂದು ನಿಲ್ಲಿಸಿದವರಿಗೆ, ತಲೆಸುತ್ತು ಬಂದು ಕೂತವರಿಗೆ, ಆ ಹೊತ್ತಿನ ಕೂಲಿ ಕಡಿತವಾಗಬಾರದು. ಹಿಂದಿನ ನಾಲ್ಕು ವಾರದ ಅವರ ದಿನದ ಸರಾಸರಿ ತೆಗೆಯಿರಿ. ಅದೇ ಲೆಕ್ಕದಲ್ಲಿ ಕೊಡಿ. ಹಜೇರಿ ಪುಸ್ತಕದಲ್ಲಿ ಬರೆಸಿ, ಎಲ್ಲರೆದುರು ಓದಿ ಹೇಳಿ. ಡಾಕ್ಟರ ಹತ್ತಿರ ಹೋಗುವ ರಿಕ್ಷಾ ಬಾಡಿಗೆಯೂ ನಿಮ್ಮದೇ.

"ಹೀಗೆ ಮಾಡಿದರೆ ಎಲ್ಲರೂ ಸುಳ್ಳು ನೆಪ ಹೇಳಿ ಎದ್ದು ಹೋಗುತ್ತಾರೆ" ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಕರಾವಳಿಯ ಬೇರೆ ಬೇರೆ ಕಾರ್ಖಾನೆಗಳಲ್ಲಿ ಸುರಕ್ಷತೆಯ ಕೆಲಸ ಮಾಡಿದವನು ನಾನು. ಒಬ್ಬರೋ ಇಬ್ಬರೋ ಹಾಗೆ ಮಾಡುವವರು ಸಿಗುತ್ತಾರೆ, ನಿಜ. ಅವರು ಯಾರೆಂದು ತಿಂಗಳೊಳಗೆ ಗೊತ್ತಾಗುತ್ತದೆ, ಅವರ ಜೊತೆ ಬೇರೆಯಾಗಿ ಮಾತಾಡಬಹುದು. ಅವರಿಗೋಸ್ಕರ ಉಳಿದ 44 ಜನರ ಬಾಯಿ ಕಟ್ಟುವುದು ಸರಿಯಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನಿದ್ದ ಒಂದು ಕಾರ್ಖಾನೆಯಲ್ಲಿ "ಅಪಘಾತವಿಲ್ಲದೆ ಇಷ್ಟು ದಿನ" ಎಂಬ ದೊಡ್ಡ ಬೋರ್ಡ್ ಹಾಕಿಸಿದವನು ನಾನೇ. 180 ದಿನ ತುಂಬಿದರೆ ಎಲ್ಲರಿಗೂ ಒಂದೊಂದು ಸ್ಟೀಲ್ ಡಬ್ಬಿ ಎಂದು ಘೋಷಿಸಿದ್ದೆ. ಇನ್ನೇನು ಒಂದು ವಾರ ಬಾಕಿ ಇತ್ತು. ಒಬ್ಬ ಹೆಲ್ಪರ್ ಹುಡುಗನ ಬೆರಳು ಕನ್ವೇಯರಿನ ಕೆಳಗೆ ಸಿಕ್ಕಿ ಜಜ್ಜಿಹೋಯಿತು. ಜೊತೆಯವರೇ ಅವನನ್ನು ಹಿಂದಿನ ಗೇಟಿನಿಂದ ಕರೆದುಕೊಂಡು ಹೋದರು. ಮನೆಯ ಬಾಗಿಲಿಗೆ ಸಿಕ್ಕಿತು ಎಂದು ಹೇಳಿಸಿದರು. ಸರಿಯಾದ ಚಿಕಿತ್ಸೆ ಸಿಗುವುದು ತಡವಾಯಿತು, ಬೆರಳಿನ ತುದಿ ತೆಗೆಯಬೇಕಾಯಿತು. ಡಬ್ಬಿ ಹಂಚಿದ ದಿನ ಅವನೂ ಬಂದು ಇನ್ನೊಂದು ಕೈಯಲ್ಲಿ ತೆಗೆದುಕೊಂಡ. ನನಗೆ ಸತ್ಯ ಗೊತ್ತಾದದ್ದು ಆಮೇಲೆ. ಬೋರ್ಡ್ ಇಳಿಸಿದೆ, ಬಹುಮಾನ ನಿಲ್ಲಿಸಿದೆ. ಮುಂದಿನ ಮೂರು ತಿಂಗಳು ಗಾಯದ ವರದಿ ಜಾಸ್ತಿಯಾದವು. ಮ್ಯಾನೇಜರು ಗಾಬರಿಯಾದರು. ಗಾಯಗಳು ಹೆಚ್ಚಾಗಿರಲಿಲ್ಲ. ಇಷ್ಟು ದಿನ ಕಾಣದೆ ಇದ್ದದ್ದು ಕಾಣಲು ಶುರುವಾಗಿತ್ತು.

1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಎಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದರು. ಒಳ್ಳೆಯ ಮುಖ್ಯಸ್ಥರಿರುವ ವಾರ್ಡುಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಎಣಿಸಿದ್ದರು. ಲೆಕ್ಕ ಉಲ್ಟಾ ಬಂತು, ಅಲ್ಲೇ ಜಾಸ್ತಿ. ಆಮೇಲೆ ಹುಡುಕಿದರೆ, ಅಲ್ಲಿಯ ನರ್ಸ್‌ಗಳು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂದು ತಿಳಿಯಿತು. ನಿಮ್ಮಲ್ಲೂ ಮೊದಲ ಕೆಲವು ತಿಂಗಳು ಪುಸ್ತಕ ತುಂಬುತ್ತದೆ. ಹೆದರಬೇಡಿ.

ಹೇಳಿದವರಿಗೆ ಮೊದಲ ನಿಮಿಷದಲ್ಲಿ ನೀವು ಏನು ಉತ್ತರ ಕೊಡುತ್ತೀರಿ ಎನ್ನುವುದನ್ನು ಇಡೀ ಶೆಡ್ ನೋಡುತ್ತಿರುತ್ತದೆ. "ಅಯ್ಯೋ, ನೋಡಿಕೊಂಡು ಮಾಡಬಾರದಾ?" ಎಂಬ ಮಾತು ನಮ್ಮ ಬಾಯಲ್ಲಿ ತಾನಾಗಿ ಬರುತ್ತದೆ. ಅದರಲ್ಲಿ ಪ್ರೀತಿಯೂ ಇರಬಹುದು. ಕೇಳಿದವರಿಗೆ ಮಾತ್ರ ತಪ್ಪು ನನ್ನದು ಎಂದೇ ಕೇಳಿಸುತ್ತದೆ. ಅದರ ಬದಲು "ಹೇಳಿದ್ದು ಒಳ್ಳೆಯದಾಯಿತು, ಕೈ ತೋರಿಸಿ" ಎನ್ನಿ. ಮಷೀನಿನ ಬಗ್ಗೆ ಆಮೇಲೆ ಕೇಳಬಹುದು. ಹಾಗೆಯೇ ದಿನವೂ ಶೆಡ್ಡಿನಲ್ಲಿ ಒಂದು ಸುತ್ತು ಹಾಕುವಾಗ "ಎಲ್ಲ ಸರಿ ಇದೆಯಾ?" ಎಂದು ಕೇಳಬೇಡಿ. ಅದಕ್ಕೆ "ಹೌದು" ಒಂದೇ ಉತ್ತರ. "ಇವತ್ತು ಯಾವುದು ಕಷ್ಟ ಆಯ್ತು?" ಎಂದು ಕೇಳಿ ನೋಡಿ. ಮೊದಲ ವಾರ ಯಾರೂ ಮಾತಾಡುವುದಿಲ್ಲ. ಎರಡನೇ ವಾರ ಯಾರೋ "ಆ ಕಡೇ ಮಷೀನಿನ ಪೆಡಲ್ ಗಟ್ಟಿ" ಎನ್ನುತ್ತಾರೆ. ಅವತ್ತು ಸಂಜೆಯೊಳಗೆ ಆ ಪೆಡಲ್ ಸರಿಮಾಡಿಸಿ. ಒಂದು ಪೆಡಲ್ ಸರಿಯಾದರೆ ಮರುದಿನ ಮೂರು ದೂರು ಬರುತ್ತವೆ. ನಿಮಗೆ ಬೇಕಾದದ್ದು ಅದೇ.

ಈಗ ಗ್ಲೌಸಿನ ವಿಷಯಕ್ಕೆ ಬರೋಣ. ಮಾವಿನಕಾಯಿ ಸೊನೆ ತುಟಿಗೆ ತಾಗಿ ಸುಟ್ಟ ಅನುಭವ ನಮ್ಮ ಕಡೆ ಯಾರಿಗಿಲ್ಲ? ಗೇರು, ಮಾವು ಎರಡೂ ಒಂದೇ ಕುಟುಂಬದ ಮರಗಳು. ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಅದಕ್ಕಿಂತ ಎಷ್ಟೋ ಪಾಲು ಖಾರ. ಆವಿಯಲ್ಲಿ ಬೇಯಿಸಿದ ಮೇಲೂ ಸಿಪ್ಪೆಯೊಳಗೆ ಉಳಿದಿರುತ್ತದೆ. ಬ್ಲೇಡ್ ಬಿದ್ದಾಗ ಸಿಡಿಯುತ್ತದೆ. ಆ ಅಕ್ಕನ ಬೆರಳು ಅಷ್ಟು ಬೇಗ ಬಾತಿದ್ದಕ್ಕೆ ಈ ಎಣ್ಣೆಯ ಪಾಲೂ ಇದ್ದೀತು. ಕೊಯ್ದ ಜಾಗಕ್ಕೆ ಅದು ಇಳಿದರೆ ಒಳಗಿನಿಂದಲೇ ಸುಡುತ್ತದೆ.

ನೀವು ತಂದ ಗ್ಲೌಸ್ ಅವರು ಹಾಕುತ್ತಿದ್ದಾರಾ? ನನ್ನ ಅಂದಾಜು, ಗೋಡೆಯ ಮೊಳೆಗೆ ನೇತುಹಾಕಿದ್ದಾರೆ. ಅದಕ್ಕೆ ಸೋಮಾರಿತನ ಕಾರಣವಲ್ಲ. ದಪ್ಪ ಗ್ಲೌಸ್ ಹಾಕಿದರೆ ಬೀಜದ ಡೊಂಕು ಬೆರಳಿಗೆ ತಿಳಿಯುವುದಿಲ್ಲ. ಬೀಜ ಸರಿಯಾಗಿ ಕೂರದಿದ್ದರೆ ಒಳಗಿನ ತಿರುಳು ಒಡೆಯುತ್ತದೆ. ಒಡೆದರೆ ಡಬ್ಲ್ಯು 320 ಎಂಬ ಇಡೀ ಬೀಜದ ದರ್ಜೆಗೆ ಹೋಗಬೇಕಾದದ್ದು ತುಂಡಿಗೆ ಹೋಗುತ್ತದೆ, ಕೂಲಿಯೂ ಕಡಿಮೆ, ನಿಮ್ಮಿಂದ ಮಾತೂ ಬರುತ್ತದೆ. ಇನ್ನೊಂದು, ಒಮ್ಮೆ ಗ್ಲೌಸಿನ ಒಳಗೆ ಎಣ್ಣೆ ಹೋದರೆ ಅದು ಇಡೀ ದಿನ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಬರಿಗೈಗಿಂತ ಕಷ್ಟ. ಹೆಂಗಸರು ಕೈಗೆ ಹರಳೆಣ್ಣೆ ಅಥವಾ ತೆಂಗಿನೆಣ್ಣೆ ಸವರಿ ಬೂದಿ ಹಚ್ಚಿಕೊಂಡು ಕೂರುವುದು ಸುಮ್ನೆ ಅಲ್ಲ. ಅದು ಅನುಭವದಿಂದ ಬಂದ ಉಪಾಯ.

ಹಾಗಾದರೆ ಏನು ಮಾಡಬೇಕು? ಅಪಾಯವನ್ನು ಆದಷ್ಟು ಅದು ಹುಟ್ಟುವ ಜಾಗದಲ್ಲೇ ತಡೆಯಬೇಕು. ಗ್ಲೌಸ್, ಮಾಸ್ಕ್ ಕೊನೆಯ ಬೇಲಿ. ಮೊದಲು ಬೇಯಿಸುವ ಹೊತ್ತು ನೋಡಿ. ಸರಿಯಾಗಿ ಬೇಯದ, ಬೇಯಿಸಿ ರಾತ್ರಿಯಿಡೀ ಆರದ ಬೀಜವನ್ನು ಕಟಿಂಗಿಗೆ ಕೊಟ್ಟರೆ ಸಿಪ್ಪೆ ಗಟ್ಟಿ, ಜಾರುವುದೂ ಜಾಸ್ತಿ. ಆರ್ಡರ್ ಅವಸರ ಇದ್ದಾಗಲೇ ಬೆರಳು ಕೊಯ್ದುಕೊಳ್ಳುವುದು. ಆಮೇಲೆ ಬೀಜದ ಗಾತ್ರ ಬದಲಾದಾಗ ಬ್ಲೇಡಿನ ನಡುವಿನ ಸಂದು ಹೊಂದಿಸುವ ಕೆಲಸ. ಅದಕ್ಕೆ ಒಬ್ಬ ಜವಾಬ್ದಾರನಿರಬೇಕು, ಆ ಹತ್ತು ನಿಮಿಷದ ಕೂಲಿಯೂ ಸಿಗಬೇಕು. ಸಿಪ್ಪೆ ಸಿಡಿಯುವ ಕಡೆ ಒಂದು ಪಾರದರ್ಶಕ ಅಡ್ಡ ಹಲಗೆ ಹಾಕಿಸಿದರೆ ಕಣ್ಣು ಉಳಿಯುತ್ತದೆ. ಇಷ್ಟಾದ ಮೇಲೆ ಗ್ಲೌಸ್. ಅಂಗಡಿಯವರು ಕೊಟ್ಟದ್ದನ್ನು ತರಬೇಡಿ. ಮೂರು ನಮೂನೆ ತಂದು ಕಟಿಂಗಿನವರ ಮುಂದಿಡಿ. ಬೀಜ ಹಿಡಿಯುವ ಕೈಗೆ ಮಾತ್ರ ತೆಳುವಾದದ್ದು ಸಾಕೆಂದು ಅವರೇ ಹೇಳಬಹುದು. ಹರಿದ ಕೂಡಲೇ ಹೊಸದು ಸಿಗಬೇಕು, ಬರೆದು ಕೇಳುವಂತಿರಬಾರದು.

ಫಸ್ಟ್ ಏಡ್ ಪೆಟ್ಟಿಗೆಯ ಕೀಲಿ ಯಾರ ಹತ್ತಿರ ಇದೆ? ಆಫೀಸಿನಲ್ಲಿದ್ದರೆ ಇವತ್ತೇ ಅದನ್ನು ಕಟಿಂಗ್ ಶೆಡ್ಡಿಗೆ ತನ್ನಿ. ಎಣ್ಣೆ ಚರ್ಮಕ್ಕೆ ತಾಗಿದರೆ ಬರೀ ನೀರಿಗೆ ಹೋಗುವುದಿಲ್ಲ. ಮೊದಲು ತೆಂಗಿನೆಣ್ಣೆಯಲ್ಲಿ ಒರೆಸಿ, ಆಮೇಲೆ ಸಾಬೂನು ಹಚ್ಚಿ ತೊಳೆಯಬೇಕು. ಗಾಯವಾಗಿದ್ದರೆ ಬೂದಿ, ಅರಿಶಿನ ಏನೂ ಬೇಡ. ಹರಿಯುವ ನೀರು, ಸಾಬೂನು, ಚೊಕ್ಕ ಬಟ್ಟೆ, ಡಾಕ್ಟರು. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಶುದ್ಧ ನೀರು ಬಿಡುತ್ತಲೇ ಇರಬೇಕು, ಆಮೇಲೆ ತಡಮಾಡದೆ ಡಾಕ್ಟರ ಹತ್ತಿರ. ಹತ್ತಿರದಲ್ಲೇ ನಲ್ಲಿ ಇದ್ದರೆ ಮಾತ್ರ ಇದೆಲ್ಲ ಆಗುತ್ತದೆ.

ಬಾಯ್ಲರ್ ಬಗ್ಗೆ ನೀವು ಬರೆದಿಲ್ಲ. ಆದರೂ ಒಂದು ಮಾತು. ಸರ್ಟಿಫಿಕೇಟ್ ಇರುವವರೇ ಅದನ್ನು ನಡೆಸಬೇಕು. ಅವರು ರಜೆ ಹಾಕಿದ ದಿನ ಬೇರೆ ಹುಡುಗನನ್ನು ಕೂರಿಸಬೇಡಿ, ಅವತ್ತು ಬೇಯಿಸುವುದೇ ಬೇಡ. ಗಾಜಿನ ನಳಿಕೆಯಲ್ಲಿ ನೀರು ಕಾಣದೇ ಹೋದರೆ ಗಾಬರಿಯಲ್ಲಿ ಹೊಸ ನೀರು ಬಿಡಬಾರದು, ಬೆಂಕಿ ತೆಗೆಯಬೇಕು. ಕೆಂಪಗೆ ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅಲ್ಲಿ ಹೊರರಾಜ್ಯದ ಹುಡುಗರಿದ್ದರೆ ಅವರ ಭಾಷೆಯಲ್ಲಿ ಹೇಳಿಸಿ, ಅವರಿಂದ ವಾಪಸ್ ಹೇಳಿಸಿಕೊಳ್ಳಿ.

ಕಾಣದೆ ನಡೆಯುವ ತೊಂದರೆ ಇನ್ನೊಂದಿದೆ. ಇದನ್ನು ನಿಮ್ಮ ಹತ್ತಿರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಸೆಕೆ ಒಣ ಬಿಸಿಲಿನಂತಲ್ಲ. ಗಾಳಿಯಲ್ಲೇ ನೀರಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ತಗಡಿನ ಶೆಡ್, ಪಕ್ಕದಲ್ಲಿ ತಿರುಳು ಒಣಗಿಸುವ ಬೋರ್ಮಾದ ಬಿಸಿ ಬೇರೆ. ಅಂಥಾದ್ದರಲ್ಲಿ ಎಷ್ಟೋ ಹೆಂಗಸರು ಬೆಳಗ್ಗಿನಿಂದ ನೀರೇ ಕುಡಿಯುವುದಿಲ್ಲ. ಯಾಕೆಂದರೆ ಶೌಚಾಲಯಕ್ಕೆ ಹೋಗುವುದು ಕಷ್ಟ. ಒಂದೋ ದೂರ, ಇಲ್ಲ ಚಿಲಕ ಇಲ್ಲ, ಇಲ್ಲವೇ ಗಂಡಸರು ನಿಲ್ಲುವ ಜಾಗದ ಎದುರಿಗೇ ಬಾಗಿಲು. ಮೂತ್ರದ ಸೋಂಕು, ತಲೆನೋವು, ಸಂಜೆಯ ಸುಸ್ತು ಎಲ್ಲ ಅಲ್ಲಿಂದ ಶುರು. ಒಂದು ದಿನ ನಿಮ್ಮ ತಾಯಿಯವರನ್ನೋ ಹೆಂಡತಿಯವರನ್ನೋ ಕರೆದುಕೊಂಡು ಬನ್ನಿ. ಅವರು ಇಡೀ ದಿನ ಅಲ್ಲೇ ಇದ್ದು ಆ ಶೌಚಾಲಯವನ್ನೇ ಬಳಸಲಿ. ನಾನು ಬರೆಯುವುದಕ್ಕಿಂತ ಚೆನ್ನಾಗಿ ಅವರು ಹೇಳುತ್ತಾರೆ. ಚಿಲಕ, ನೀರು, ಬಕೆಟ್, ಮುಚ್ಚಳ ಇರುವ ಕಸದ ಡಬ್ಬಿ, ದೀಪ. ಇದಕ್ಕೆ ದೊಡ್ಡ ಖರ್ಚಿಲ್ಲ. ಬೇಸಿಗೆಯಲ್ಲಿ ಬೆಳಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ಮೂರಕ್ಕೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಮುರುಗಲು ಪಾನಕ ಕೂತಲ್ಲಿಗೇ ಬರಲಿ. ಎದ್ದು ಹೋಗಿ ಕುಡಿಯಿರಿ ಎಂದರೆ ಕೆಜಿ ಲೆಕ್ಕದವರು ಏಳುವುದಿಲ್ಲ.

ಪೀಲಿಂಗ್, ಗ್ರೇಡಿಂಗಿನವರ ಬೆನ್ನು, ಕುತ್ತಿಗೆ ನೋಡಿಕೊಳ್ಳಿ. ನೆಲದ ಮೇಲೆ ಕೂರಿಸುವುದನ್ನು ಬಿಟ್ಟು ಬೆನ್ನಿಗೆ ಆಧಾರ ಇರುವ ಕುರ್ಚಿ, ಎದೆಯ ಮಟ್ಟಕ್ಕೆ ಸ್ವಲ್ಪ ಕೆಳಗೆ ಟೇಬಲ್, ತಲೆಯ ಮೇಲೆ ಒಳ್ಳೆಯ ಬೆಳಕು. ಅಷ್ಟಾದರೆ ಕೆಲಸವೂ ಬೇಗ ಆಗುತ್ತದೆ.

ಮಳೆಗಾಲದ ಬಗ್ಗೆ ನಾವು ಉತ್ತರ ಕನ್ನಡದವರು ಈಗ ಬೇರೆ ಥರ ಯೋಚಿಸಲೇಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅಲ್ಲಿ ಇದ್ದವರು ತಮ್ಮ ಪಾಡಿಗೆ ಕೆಲಸಕ್ಕೆ ಹೊರಟವರು, ಚಹಾ ಕುಡಿಯಲು ನಿಂತವರು. ಮೂರು ವಾರ ಕಳೆಯುತ್ತಲೇ, ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೇ ಕಾಳಿ ಸೇತುವೆ ಬಿತ್ತು. ರೆಡ್ ಅಲರ್ಟ್ ದಿನ ಶಾಲೆಗೆ ರಜೆ ಕೊಡುತ್ತಾರೆ. ಫ್ಯಾಕ್ಟರಿಗೆ ಇರುವುದಿಲ್ಲ. ಮಕ್ಕಳನ್ನು ಮನೆಯಲ್ಲೇ ಬಿಟ್ಟು ತಾಯಿ ನಿಮ್ಮ ಶೆಡ್ಡಿಗೆ ಬರುತ್ತಾಳೆ. ಅವಳ ಮನಸ್ಸು ಮಷೀನಿನ ಮೇಲೆ ಇರುತ್ತದೆಯೇ? ಮಳೆಗಾಲಕ್ಕೆ ಮೊದಲೇ ನಿರ್ಧಾರ ಮಾಡಿ. ಅಂಥ ದಿನ ಬೆಳಗ್ಗೆ ಆರರೊಳಗೆ ಎಲ್ಲರಿಗೂ ಒಂದು ಮೆಸೇಜ್ ಹೋಗಲಿ, ಬರಬೇಡಿ ಎಂದು. ಫೋನ್ ನೋಡದವರಿಗೆ ಯಾರು ಹೇಳುತ್ತಾರೆ ಎಂಬುದೂ ಗೊತ್ತಿರಲಿ. ಆ ದಿನಕ್ಕೆ ಅರ್ಧ ಕೂಲಿಯಾದರೂ ಕೊಡಿ. ಬಂದ ಮೇಲೆ ಮಳೆ ಜೋರಾದರೆ ಹೊತ್ತಿಗೆ ಮೊದಲೇ ಬಿಡಿ. ಹೆಗಡೆ, ಮಿರ್ಜಾನ ಕಡೆಯಿಂದ ಬರುವವರು ಯಾವ ಬಸ್ಸಿಗೆ ಹೋಗುತ್ತಾರೆ, ದೋಣಿ ದಾಟಬೇಕಾದವರು ಯಾರು ಎಂಬ ಪಟ್ಟಿ ನಿಮ್ಮ ಮೇಜಿನಲ್ಲಿರಲಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಷ್ಟ ಇದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದು ಕೇಳಿದ್ದನ್ನು ನೀವೂ ನೋಡಿದ್ದೀರಿ. ದೊಡ್ಡ ಗಾಯವಾದರೆ ಮಣಿಪಾಲವೋ ಹುಬ್ಬಳ್ಳಿಯೋ, ಗಂಟೆಗಟ್ಟಲೆ ಆಂಬುಲೆನ್ಸಿನಲ್ಲಿ ಹೋಗಬೇಕು. ಬೇರೆ ಊರಿನ ಫ್ಯಾಕ್ಟರಿಗಿಂತ ನಾವು ಇಲ್ಲಿ ಜಾಸ್ತಿ ಎಚ್ಚರ ಇರಬೇಕಾದದ್ದು ಅದಕ್ಕೇ. ರಾತ್ರಿ ಕರೆದರೂ ಬರುವ ಒಂದು ಗಾಡಿ ಯಾವುದು, ಕೈಯ ಗಾಯಕ್ಕೆ ಮೊದಲು ಎಲ್ಲಿಗೆ, ಸುಟ್ಟಗಾಯಕ್ಕೆ ಎಲ್ಲಿಗೆ ಎಂದು ಈಗಲೇ ಡಾಕ್ಟರ ಹತ್ತಿರ ಕೇಳಿ ಬರೆದು ಅಂಟಿಸಿ.

ಕಾನೂನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, 2013ರ ಕಾಯ್ದೆ ಹಾಗೆ ಹೇಳುತ್ತದೆ. ಅಧ್ಯಕ್ಷೆ ಹೆಂಗಸೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಹೊರಗಿನವರು ಒಬ್ಬರಿರಬೇಕು. 39 ಹೆಂಗಸರಿರುವ ನಿಮ್ಮಲ್ಲಿ ಇದು ಬರೀ ಕಾಗದದಲ್ಲಿ ಇರಬಾರದು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, 40 ದಾಟಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಅದರಲ್ಲಿದೆ. ಉಳಿದದ್ದನ್ನು ನಿಮ್ಮ ಲೆಕ್ಕಪತ್ರ ನೋಡುವವರ ಜೊತೆ ಕೂತು ಸರಿಮಾಡಿಕೊಳ್ಳಿ.

ಇನ್ನು ನಿಮ್ಮ ಸೂಪರ್‌ವೈಸರ್ ವಿಷಯ. ಕೇಳಿ. ಆದರೆ ಮನೆಯ ಕಥೆ ಕೇಳಬೇಡಿ, ಕೆಲಸದ ಬಗ್ಗೆ ಕೇಳಿ. ನೀವು ಹುಡುಗರು, ಅವರು ನಿಮ್ಮ ಅಪ್ಪನ ಕಾಲದವರು. ಆಫೀಸಿಗೆ ಕರೆಸಿ ಬಾಗಿಲು ಹಾಕಿಕೊಂಡರೆ ಊರಿಗೆಲ್ಲ ಮಾತಾಗುತ್ತದೆ, ಅವರಿಗೂ ಮುಜುಗರ. ಊಟದ ಹೊತ್ತು ಮುಗಿದ ಮೇಲೆ ಅಂಗಳದಲ್ಲಿ, ನಾಲ್ಕು ಜನಕ್ಕೆ ಕಾಣುವಂತೆ, ಆದರೆ ಕೇಳಿಸದಷ್ಟು ದೂರದಲ್ಲಿ ನಿಂತು ಮಾತಾಡಿ. "ಅಕ್ಕಾ, ಸ್ವಲ್ಪ ದಿನದಿಂದ ನಿಮಗೆ ಸುಸ್ತಾದಂತೆ ಕಾಣ್ತದೆ. ಏನೂ ಹೇಳಬೇಕಂತಿಲ್ಲ. ಕೆಲಸದಲ್ಲಿ ನಾನು ಏನಾದ್ರೂ ಹಗುರ ಮಾಡಿಕೊಡ್ಲಾ?" ಇಷ್ಟು ಸಾಕು. ಅವರು "ಏನಿಲ್ಲ" ಎನ್ನುತ್ತಾರೆ. ಒತ್ತಾಯ ಮಾಡಬೇಡಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ ಕೇಳಿ. ಎರಡನೇ ಸಲ ಕೇಳಿದಾಗಲೇ ಇವರು ಸುಮ್ನೆ ಉಪಚಾರಕ್ಕೆ ಕೇಳುತ್ತಿಲ್ಲ ಎಂದು ಜನರಿಗೆ ಅನಿಸುವುದು.

ಹೇಳಿಕೊಂಡರೆ, ಪರಿಹಾರ ಹೇಳಲು ಹೋಗಬೇಡಿ, ಕೇಳಿಸಿಕೊಳ್ಳಿ. ಅಲ್ಲಿ ಕೇಳಿದ್ದು ನಿಮ್ಮ ಮನೆಯ ಊಟದ ಮನೆಗೂ ಹೋಗಬಾರದು. ಬೆಳಗ್ಗೆ ಒಂದು ಗಂಟೆ ತಡವಾಗಿ ಬರುವುದು, ಒಂದು ತಿಂಗಳು ಲೆಕ್ಕದ ಪುಸ್ತಕ ಬೇರೆಯವರಿಗೆ ಕೊಡುವುದು, ಇಂಥ ಚಿಕ್ಕ ಅನುಕೂಲ ನಿಮ್ಮ ಕೈಯಲ್ಲಿದೆ. ಸಾಲದ ಒತ್ತಡ ಇದ್ದರೆ ಒಂದು ಮಾತು ತಿಳಿಸಿ. ಮೈಕ್ರೋ ಫೈನಾನ್ಸಿನವರು ಹೆದರಿಸಿ ವಸೂಲಿ ಮಾಡುವುದರ ವಿರುದ್ಧ ನಮ್ಮ ರಾಜ್ಯ 2025ರ ಫೆಬ್ರವರಿಯಲ್ಲೇ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯೇ ಆಯಿತು. ವಸೂಲಿಯವರು ನಿಮ್ಮ ಗೇಟಿನೊಳಗೆ ಬಂದು ಯಾರನ್ನೂ ಕರೆಯಬಾರದು ಎಂದು ವಾಚ್‌ಮನ್‌ಗೆ ಹೇಳಿಡಿ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಎನ್ನುವ ಮಾತು ಬಂದರೆ ಅವರನ್ನು ಒಬ್ಬರೇ ಬಿಡಬೇಡಿ. ಮನೆಯವರಲ್ಲಿ ಅವರು ನಂಬುವ ಒಬ್ಬರನ್ನು ಅವರಿಂದಲೇ ಕೇಳಿ ಕರೆಸಿ, ಡಾಕ್ಟರ ಹತ್ತಿರ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಆ ನಂಬರನ್ನು ಶೌಚಾಲಯದ ಬಾಗಿಲಿನ ಒಳಗಡೆ ಅಂಟಿಸಿ. ನೋಟಿಸ್ ಬೋರ್ಡಿನಲ್ಲಿದ್ದರೆ ನಾಲ್ಕು ಜನರೆದುರು ಯಾರೂ ಬರೆದುಕೊಳ್ಳುವುದಿಲ್ಲ.

ಬೆರಳು ಕೊಯ್ದುಕೊಂಡ ಅಕ್ಕ ಈಗ ಹೇಗಿದ್ದಾರೆ ಎಂದು ನೀವು ಬರೆದಿಲ್ಲ. ಇನ್ನೂ ಮನೆಯಲ್ಲೇ ಇದ್ದರೆ ನಾಳೆ ಹೋಗಿ ಬನ್ನಿ. ಅವರು ಕೂತ ದಿನಗಳ ಕೂಲಿ, ಆಸ್ಪತ್ರೆಯ ಖರ್ಚು ತೆಗೆದುಕೊಂಡು ಹೋಗಿ. "ಯಾಕೆ ಹೇಳಲಿಲ್ಲ" ಎಂದು ಕೇಳಬೇಡಿ. ಅವರು ಮರಳಿ ಬಂದ ದಿನ ಮಷೀನಿನ ಮುಂದೆ ನೀವೂ ಪಕ್ಕದಲ್ಲಿ ಕೂತು, ಬೆರಳು ಹೇಗೆ ಸಿಕ್ಕಿತು ಎಂದು ಅವರಿಂದಲೇ ತೋರಿಸಿಕೊಳ್ಳಿ. ಅವತ್ತಿನ ಕೆಜಿ ಲೆಕ್ಕ ಬೇಡ, ದಿನದ ಸರಾಸರಿ ಕೊಡಿ.